ಉಸಿರಾಡಾಕ ಜಾಗ

“ಮಂಜವ್ವಾರ, ನಿನ್ನೆ ಗುತ್ತೆಪ್ಪ ಬಂದಿದ್ದನೇನ್ರಿ?” ಪ್ರಿಂಟರಿನಿಂದ ಹರಿದ ಹಾಳೆ ಹಿಡಿದು ಕೇಳಿದ ಮಹಾಲಿಂಗಪ್ಪ ಸಾಹೇಬರು ನಗಲಿಲ್ಲ.

ನಾಲ್ಕು ತಾಲೂಕಿನ ರೇಶನ್ ಕಾರ್ಡಿನ ದೊಡ್ಡ ಕಂಪ್ಯೂಟರ್ ಪ್ರೋಗ್ರಾಮದು. ದಿನಾ ಬರೆದ ಕೋಡಿನ ಸಾಲುಗಳ ಒಪ್ಪ-ಓರಣವನ್ನು ಕಂಪ್ಯೂಟರೇ ನೋಡಿ ತಪ್ಪು ಹಿಡಿಯುವ ತಪಾಸಣೆಯನ್ನು ಮಂಜವ್ವ ಎರಡು ವರ್ಷ ಜೋಪಾನ ಮಾಡಿದ್ದಳು. ಕಾಮಾ ಹಾಕಿದ ಮೇಲೆ ಒಂದೇ ಖಾಲಿ ಜಾಗ ಬಿಡಬೇಕು. ಎರಡು ಬಿಡುತ್ತಿದ್ದವನು ಅವಳ ಜೊತೆ ಕೋಡ್ ಬರೆಯುತ್ತಿದ್ದ ಗುತ್ತೆಪ್ಪ ಒಬ್ಬನೇ. “ಅಕ್ಷರಕ್ಕೂ ಉಸಿರಾಡಾಕ ಜಾಗ ಬೇಕಲ್ಲಬೇ ಅಕ್ಕಾ” ಅನ್ನುತ್ತಿದ್ದ. ಅವನನ್ನು ಮಣ್ಣು ಮಾಡಿ ತಿಂಗಳಾಗಿತ್ತು. ಹಾಳೆಯ ಮೇಲೆ ನಿನ್ನೆ ಬರೆದ ನಲವತ್ತು ಸಾಲಿಗೂ ಅದೇ ತಪ್ಪು.

“ನಿನ್ನೆ ಬರದಾಕಿ ನಾನೊಬ್ಬಾಕೀನರಿ.”

“ಹಂಗಾದ್ರ ನಿಮ್ಮ ತಪಾಸಣೆನ ಕೆಟ್ಟೈತಿ, ಇವತ್ತ ತೆಗೆದು ಒಗೀರಿ. ಇಲ್ಲಾ, ನನ್ನ ಮುಂದ ಒಂದು ಸಾಲು ಬರದು ತೋರಸ್ರಿ.”

ಮಂಜವ್ವ ಕುಳಿತು ನಿಧಾನಕ್ಕೆ ಬರೆದಳು. ಕಾಮಾ ಒತ್ತಿದಳು. ಒಂದೇ ಜಾಗ ಬಿಟ್ಟು ಕೈ ಎತ್ತಲು ಹೋದಳು. ಹೆಬ್ಬೆರಳು ಏಳಲಿಲ್ಲ, ತಾನಾಗಿಯೇ ಇನ್ನೊಮ್ಮೆ ಮೆಲ್ಲಗೆ ಒತ್ತಿತು.