ಕಚ್ಚಾ ಹೊಲಿಗೆ

ಹೆಂಡತಿಯ ಎಡ ಹಿಮ್ಮಡಿಯಲ್ಲಿ ಗುಂಡುಸೂಜಿ ನೆಟ್ಟಿದ್ದನ್ನು ಮೊದಲು ಕಂಡವನು ದರ್ಜಿ. ಅವಳು ಅಂಗಡಿಯ ಮೂಲೆಯಲ್ಲಿ ಕಾಲು ಚಾಚಿ ಕುಳಿತು ಶರ್ಟೊಂದಕ್ಕೆ ಗುಂಡಿ ಹಾಕುತ್ತಿದ್ದಳು.

"ಅಲ್ಲಾಡಬೇಡ," ಎಂದು ಅವನು ಕತ್ತರಿ ಕೆಳಗಿಟ್ಟು ಬಂದ. "ಯಾವಾಗ ಚುಚ್ಚಿತು ಇದು?"

"ಯಾವುದು?" ಎಂದಳು ಅವಳು, ಗುಂಡಿಯಿಂದ ಕಣ್ಣು ತೆಗೆಯದೆ.

ಅವನು ಸೂಜಿಯನ್ನು ಎಳೆದು ಅಂಗೈಯಲ್ಲಿಟ್ಟು ತೋರಿಸಿದ. ದಪ್ಪ ಚರ್ಮದಲ್ಲೇ ನಿಂತಿತ್ತು, ರಕ್ತ ಬಂದಿರಲಿಲ್ಲ. ಬೆಳಗ್ಗೆಯಿಂದ ಅದರ ಮೇಲೆಯೇ ಓಡಾಡಿದ್ದಳೋ ಏನೋ. ಡಾಕ್ಟರ ಮಾತು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಸಕ್ಕರೆ ಕಾಯಿಲೆ ಹೀಗೇ ಬಿಟ್ಟರೆ ಪಾದದ ಸ್ಪರ್ಶವೇ ಹೋಗುತ್ತದೆ, ದಿನಾ ಅರ್ಧ ಗಂಟೆ ನಡೆಯಲೇಬೇಕು ಎಂದು ಅವರು ಹೇಳಿ ಹನ್ನೊಂದು ತಿಂಗಳಾಗಿತ್ತು. ಹಿಮ್ಮಡಿಯಂತೂ ಸರಿ, ಕಾಲ್ಬೆರಳುಗಳಿಗಾದರೂ ತಿಳಿಯುತ್ತದೆಯೋ ಇಲ್ಲವೋ? ದಿನವಿಡೀ ಸೂಜಿ ಹಿಡಿದೇ ಬದುಕಿದ ಮನುಷ್ಯನಿಗೆ, ಅದನ್ನು ಅಲ್ಲಿಗೆ ಒಮ್ಮೆ ಮುಟ್ಟಿಸಿ ನೋಡುವ ಧೈರ್ಯ ಬರಲಿಲ್ಲ. ಸುಮ್ಮನೆ ಹಿಮ್ಮಡಿ ತೊಳೆದು ಮುಲಾಮು ಹಚ್ಚಿದ.

"ನಾಳೆ ಡಾಕ್ಟರಿಗೆ ತೋರಿಸೋಣ," ಎಂದ.

"ನಡೆದ್ಯೇನಮ್ಮಾ ಅಂತ ಮೊದಲು ಅದನ್ನೇ ಕೇಳ್ತಾರೆ. ಏನಂತ ಹೇಳಲಿ?"

ನಡೆಯಲೆಂದು ಬೂಟನ್ನು ಡಾಕ್ಟರು ಹೇಳಿದ ದಿನವೇ ತಂದಿದ್ದರು, ಇನ್ನೂ ಡಬ್ಬದಲ್ಲೇ ಇತ್ತು. ಈ ಸೀರೆಯ ನೆರಿಗೆಗಳಲ್ಲಿ ಕಾಲು ಬೀಸಿ ನಡೆಯಲಾಗುವುದಿಲ್ಲ, ಒಂದು ಸಡಿಲ ಪ್ಯಾಂಟು ಬೇಕು ಎಂದು ಅವಳು ಕೇಳಿದ್ದಳು. ದರ್ಜಿಯ ಹೆಂಡತಿ ರೆಡಿಮೇಡ್ ಹಾಕಿಕೊಂಡು ಓಡಾಡಿದರೆ ತನ್ನ ಮರ್ಯಾದೆ ಏನಾಗಬೇಕು ಎಂದು ಅವನೇ ನೇರಳೆ ಬಣ್ಣದ ಒಳ್ಳೆಯ ಬಟ್ಟೆ ತಂದಿದ್ದ. ಶಾಲೆಯ ಸಮವಸ್ತ್ರಗಳು ಮುಗಿಯಲಿ ಎಂದುಕೊಂಡರು. ಮದುವೆಗಳ ಕಾಲ ಕಳೆಯಲಿ, ಸೆಕೆ ಇಳಿಯಲಿ ಎಂದರು. ಬಟ್ಟೆ ಮೇಲಿನ ಕಪಾಟಿನಲ್ಲಿ ಮಡಿಕೆ ಬಿಚ್ಚದೆ ಕುಳಿತಿತ್ತು. ಊರಿಗೆಲ್ಲ ಹೇಳುವ 'ನಾಳೆ ಬನ್ನಿ'ಯನ್ನು ಅವನು ಮನೆಯವಳಿಗೂ ಹೇಳಿಬಿಟ್ಟಿದ್ದ.

ಈಗ ಸ್ಟೂಲು ಹತ್ತಿ ಆ ಬಟ್ಟೆಯನ್ನು ಇಳಿಸಿದ.

"ಇದೇನ್ರೀ, ಈಗ? ಮಷೀನಿನ ಬೆಲ್ಟು ಹರಿದು ಕೂತಿದೆ, ರಿಪೇರಿಯವನು ಬರೋದೇ ನಾಳೆ. ಸಂಜೆಗೆ ವಕೀಲರ ಕೋಟು ಬೇರೆ ಕೊಡಬೇಕು, ಇನ್ನೊಂದು ತೋಳು ಕೈಯಲ್ಲೇ ಹಚ್ಚಬೇಕು."

"ಕೈಯಲ್ಲಿ ಹಚ್ಚೋದೇ ಆದರೆ ನಿನಗೇ ಹಚ್ತೀನಿ. ನಿಂತ್ಕೋ, ಅಳತೆ ತಗೋಬೇಕು."

"ನನ್ನ ಅಳತೆ ನಿಮಗೆ ಗೊತ್ತಿಲ್ವಾ?"

"ಗೊತ್ತಿದೆ. ಇಪ್ಪತ್ತಾರು ವರ್ಷದ ಹಿಂದಿನದು."

ಅವಳು ಮೂಗು ಮುರಿದಳು, ಆದರೂ ಎದ್ದು ನಿಂತಳು. ಅವನು ಚಾಕ್‌ನಿಂದ ಗೆರೆ ಎಳೆದು ಕತ್ತರಿಸಿ, ಬಿಳಿ ದಾರದಲ್ಲಿ ಅಂಗುಲಕ್ಕೊಂದರಂತೆ ಕಚ್ಚಾ ಹೊಲಿಗೆ ಹಾಕತೊಡಗಿದ. ಸೊಂಟಕ್ಕೆ ಲಾಡಿ ಏರಿಸುವ ಹೊತ್ತಿಗೆ ನಾಲ್ಕೂವರೆ ಆಗಿತ್ತು. ಟ್ರಯಲ್ ಪರದೆಯ ಹಿಂದಿನಿಂದ ಅವಳು ಹೊರಬಂದಾಗ ಪ್ಯಾಂಟಿನ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ತೊಡೆಯುದ್ದಕ್ಕೂ ಚಾಕ್ ಗೆರೆ.

"ಹೀಗೆ ಬೀದಿಗೆ ಹೋಗಲಾ? ಜನ ಏನಂತಾರೆ? ನಾಳೆ ಪೂರ್ತಿ ಹೊಲಿದ ಮೇಲೆ ಹೋದ್ರಾಯ್ತು."

"ಗಿರಾಕಿಗಳಿಗೆ ನಾನೇನು ಹೇಳ್ತೀನಿ? ಹಾಕ್ಕೊಂಡು ನಾಲ್ಕು ಹೆಜ್ಜೆ ನಡೀರಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಆಗಲೇ ಗೊತ್ತಾಗೋದು ಅಂತ ತಾನೇ? ನಡಿ." ಅವನು ಬೂಟಿನ ಡಬ್ಬವನ್ನು ಅವಳ ಮುಂದಿಟ್ಟ. "ನಾಳೆ ಅನ್ನೋದು ಬೇಡ ಕಣೇ. ನನಗೆ ಭಯ ಆಗ್ತಿದೆ."

ಅವಳು ಡಬ್ಬದಿಂದ ಬೂಟು ತೆಗೆದು ಹಾಕಿಕೊಂಡಳು.

ಹೊಸ್ತಿಲಲ್ಲೇ ವಕೀಲರು ಎದುರಾದರು. ಒಂಟಿ ತೋಳಿನ ಕೋಟನ್ನು ನೋಡಿ ಅವರ ಮುಖ ಗಂಟಿಕ್ಕಿತು. "ನಾಳೆ ನನ್ನ ಕೇಸು ಇದೆ ಮಾರಾಯ್ರೇ."

"ನಿಮ್ಮದು ನಾಳೆ, ಸರ್. ಇವಳದು ಹನ್ನೊಂದು ತಿಂಗಳಿಂದ ಬಾಕಿ."

ವಕೀಲರು ಅವಳ ಬಿಳಿ ದಾರಗಳನ್ನು, ಹೊಸ ಬೂಟನ್ನು, ಆಮೇಲೆ ದರ್ಜಿಯ ಕೆಂಪೇರಿದ ಕಣ್ಣುಗಳನ್ನು ನೋಡಿದರು. "ಹಳೇ ಕೇಸು ಮೊದಲು," ಎಂದು ಕೋಟಿನ ಪಕ್ಕದಲ್ಲೇ ಸ್ಟೂಲೆಳೆದು ಕೂತರು. "ಹೋಗಿ ಬನ್ನಿ, ಅಂಗಡಿ ನಾನು ನೋಡ್ಕೋತೀನಿ. ರಾತ್ರಿಯೊಳಗೆ ತೋಳು ಸಿಕ್ಕರೆ ಸಾಕು."

ಬೇಕರಿ ದಾಟಿದರು, ಬೀಗ ರಿಪೇರಿಯ ಗೂಡಂಗಡಿ ದಾಟಿದರು. ಅವಳು ಮುಂದೆ, ಅಂಗಿಯ ಕಾಲರಿಗೆ ದಾರ ಪೋಣಿಸಿದ ಸೂಜಿ ಸಿಕ್ಕಿಸಿಕೊಂಡು ಅವನು ಹಿಂದೆ. ಮೊದಲು ಸಂಕೋಚದಿಂದ ಕುಗ್ಗಿದ್ದ ಅವಳ ಹೆಗಲು ಸೇತುವೆ ಬರುವಷ್ಟರಲ್ಲಿ ನೆಟ್ಟಗಾಗಿತ್ತು, ಕೈಗಳು ಬೀಸತೊಡಗಿದ್ದವು. ಮೊಣಕಾಲಿನ ಬಳಿ ಹೊಲಿಗೆ ಬಿಟ್ಟಿತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಎರಡು ಹೊಲಿಗೆ ಹಾಕಿದ. ಮತ್ತೆ ಹೊರಟರು.

ಸೇತುವೆ ಇಳಿಯುವಾಗ ಅವಳು ತಟ್ಟನೆ ನಿಂತಳು.

"ಏನು, ಮತ್ತೆ ಬಿಟ್ಟಿತಾ?"

"ಇಲ್ಲ. ಬೂಟಿನೊಳಗೆ ಏನೋ ಒತ್ತುತ್ತಾ ಇದೆ, ಬೆರಳಿನ ಹತ್ತಿರ."

"ಯಾವ ಕಾಲು?"

"ಎಡಗಾಲು."

"ನೋವಾಗ್ತಿದೆಯಾ?"

"ಆಗದೆ ಇರುತ್ತಾ? ಚೆನ್ನಾಗೇ ನೋವಾಗ್ತಿದೆ," ಎಂದು ಅವಳು ಸಿಡುಕಿದಳು.

ಅವನು ನೆಲಕ್ಕೆ ಕೂತು, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೂಟು ಬಿಚ್ಚಿ ಕೊಡವಿದ. ಕಡಲೆಕಾಳಿನಷ್ಟು ಒಂದು ಕಲ್ಲು ಅಂಗೈಗೆ ಬಿತ್ತು. ಅದನ್ನು ಎಸೆಯಲು ಅವನಿಗೆ ಮನಸ್ಸು ಬರಲಿಲ್ಲ. ಅಳತೆ ಟೇಪಿನ ಜೊತೆಗೆ ಜೇಬಿನಲ್ಲಿಟ್ಟುಕೊಂಡ.