ಪೇಣಕರ್ ಮನೆಯ ಮಲೀದಾ

ಅವಲಕ್ಕಿ ನೆನೆದಿತ್ತು, ಬೆಲ್ಲ ಬೆರೆತಿತ್ತು, ಮೇಲೆ ಕಾಯಿತುರಿ ಬಿದ್ದಿತ್ತು, ತಟ್ಟೆಯ ಸುತ್ತ ಬಾಳೆಹಣ್ಣು, ಸೀಬೆಹಣ್ಣು, ಖರ್ಜೂರ ಜೋಡಿಸಿಯಾಗಿತ್ತು. ಕರೆದವರೆಲ್ಲ ಬಂದು ಚಾಪೆಯ ಮೇಲೆ ಕೂತೂ ಆಗಿತ್ತು. ಇನ್ನು ಬಾಕಿ ಉಳಿದದ್ದು ರೂಬೆನ್ ಪೇಣಕರ್ ಬಾಯಿ ತೆರೆಯುವುದೊಂದೇ. ಅದೇ ಆಗುತ್ತಿರಲಿಲ್ಲ.

ರಸ್ತೆ ಕೆಲಸದ ಓವರ್‌ಸಿಯರ್ ಆಗಿ ಮಧುಗಿರಿಗೆ ಬಂದವನು ಅವನು. ಯೆಹೂದಿ ಅಂದರೆ ಯಾರೆಂದು ಬೀದಿಯವರಿಗೆ ಗೊತ್ತಿರಲಿಲ್ಲ. ಬೊಂಬಾಯಿ ಕಡೆಯ ಸಾಹೇಬರು, ಶನಿವಾರ ಒಲೆ ಹಚ್ಚುವುದಿಲ್ಲ, ಅಷ್ಟು ತಿಳಿದದ್ದು ಅವರಿಗೆ ಸಾಕಾಗಿತ್ತು. ಎಪ್ಪತ್ತಾರರ ಮಳೆಗಾಲದಲ್ಲಿ ಹೆಂಡತಿ ಮಿರಿಯಂ ಟೈಫಾಯಿಡ್ ಜ್ವರದಲ್ಲಿ ಮಲಗಿದಾಗ ಪೇಣಕರ್ ಆಸ್ಪತ್ರೆಯ ಗೋಡೆಗೆ ಹಣೆ ಆನಿಸಿಕೊಂಡು, ಇವಳು ಎದ್ದು ಓಡಾಡುವಂತಾದರೆ ಎಲಿಯಾಹು ಪ್ರವಾದಿಯ ಹೆಸರಲ್ಲಿ ಪ್ರಾರ್ಥನೆ ಹೇಳಿಸಿ, ಸಿಹಿ ಅವಲಕ್ಕಿ ಹಂಚಿ ಮಲೀದಾ ಮಾಡಿಸುತ್ತೇನೆ ಎಂದು ಹರಕೆ ಹೊತ್ತಿದ್ದ. ಮಿರಿಯಂ ಎದ್ದಳು, ಓಡಾಡಿದಳು, ಗಂಡನನ್ನು ಮೊದಲಿನಂತೆ ಗದರಿಸಿಕೊಳ್ಳಲೂ ಶುರುಮಾಡಿದಳು.

ಮಾಡಿಸುತ್ತೇನೆ ಎಂದಿದ್ದನೇ ಹೊರತು ಮಾಡುತ್ತೇನೆ ಎಂದಿರಲಿಲ್ಲ. ಪ್ರಾರ್ಥನೆ ನಡೆಸುವುದಕ್ಕೆ ಹಜ್ಜಾನ್ ಎಂಬುವವರು ಇರುತ್ತಾರೆ. ಪೇಣಕರ್ ಹುಟ್ಟಿದಾಗಿನಿಂದ ಸಿನಗಾಗ್ ಎಂಬ ತಮ್ಮ ಪ್ರಾರ್ಥನಾ ಮಂದಿರದ ಕೊನೆಯ ಬೆಂಚಿನಲ್ಲಿ ಕೂತು, ಅವರು ಹೇಳಿದ್ದಕ್ಕೆಲ್ಲ ಆಮೇನ್ ಅಂದವನು. ಆದರೆ ಈಗ ಬೊಂಬಾಯಿಯಲ್ಲಿ ಒಂದೊಂದೇ ಸಂಸಾರ ಇಸ್ರೇಲಿಗೆ ಗಂಟುಮೂಟೆ ಕಟ್ಟುತ್ತಿತ್ತು, ಹಜ್ಜಾನರೂ ಹೊರಟಿದ್ದರು. ಅದಕ್ಕೇ ಸಿನಗಾಗಿನವರು ದೂರದ ಊರುಗಳಲ್ಲಿ ಒಂಟಿಯಾಗಿರುವವರನ್ನು ಕರೆಸಿ ಒಂದು ವಾರ ಮುಂದಾಳುಗಳ ತರಬೇತಿ ಕೊಟ್ಟರು. ಜನ ಸೇರಿಸುವುದು ಹೇಗೆ, ಮುಂದೆ ನಿಂತು ಪ್ರಾರ್ಥನೆ ನಡೆಸುವುದು ಹೇಗೆ, ಎಲ್ಲವನ್ನೂ ಹೇಳಿಕೊಟ್ಟರು. ಪೇಣಕರ್ ಎಲ್ಲವನ್ನೂ ಬಾಯಿಪಾಠ ಮಾಡಿದ. ಕೊನೆಯ ದಿನ ಎದ್ದು ನಿಂತಾಗ ಮಾತ್ರ ಮೊದಲ ಸಾಲು ಮುಗಿಸಿ ಬೆಪ್ಪಾಗಿ ನಿಂತುಬಿಟ್ಟ. ಕಲಿಸಿದವರು ಒಳ್ಳೆಯವರು, ಬೆನ್ನು ತಟ್ಟಿ ಕೂರಿಸಿದರು.

"ಇನ್ನೂ ಯಾರಾರಾ ಬರ್ಬೇಕಾ ಸಾರ್?" ಮೇಸ್ತ್ರಿ ಕದರಪ್ಪ ಕೇಳಿದ. ಜ್ವರದ ದಿನ ಮಿರಿಯಂಳನ್ನು ಮಂಚದ ಸಮೇತ ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ಅವನು ಮತ್ತು ಅವನ ರಸ್ತೆ ಗ್ಯಾಂಗಿನವರು. ತಲೆ ಮುಚ್ಚಿಕೊಳ್ಳಬೇಕು ಎಂದು ಹೇಳಿದ್ದಕ್ಕೆ ಎಲ್ಲರೂ ಟವಲು ಸುತ್ತಿಕೊಂಡು, ತಮ್ಮ ಶನಿವಾರದ ಭಜನೆಗೆ ಕೂತಂತೆ ಸಾಲಾಗಿ ಕೂತಿದ್ದರು.

"ಯಾರೂ ಇಲ್ಲ ಕದರಪ್ಪ, ಎಲ್ಲಾ ಬಂದಿದ್ದೀರಿ."

"ಮತ್ತೆ ಸುರು ಮಾಡಿ ಸಾರ್."

ಪಕ್ಕದ ಮನೆಯ ದಾಸಮ್ಮ, ಜ್ವರ ಬಿಡುವ ತನಕ ಗಂಜಿ ಕಾಯಿಸಿ ತಂದವಳು, ಮಿರಿಯಂಳ ಕಿವಿಯ ಹತ್ತಿರ ಬಗ್ಗಿದಳು. "ಯಾಕ್ ಕಣಮ್ಮ, ಸಾಹೇಬ್ರು ಇಂಗೆ ಬೆವರ್ತಾ ಅವ್ರೆ?"

"ಹೆದರಿಕೆ ದಾಸಮ್ಮ."

"ಯಾರ್ನ ಕಂಡು?"

"ನಿಮ್ಮನ್ನೇ."

"ಅಯ್ಯೋ ಸಿವನೇ, ನಾವೇನ್ ಮಾಡಿದ್ವಿ!"

ಪೇಣಕರ್ ಪುಸ್ತಕ ಬಿಡಿಸಿ ಮೊದಲ ಸಾಲು ಹೇಳಿದ. ರಾಗವೂ ಕೂಡಿತು. ಎರಡನೆಯ ಸಾಲಿಗೆ ಕಣ್ಣು ಹಾಕಿದರೆ ಅಕ್ಷರಗಳೆಲ್ಲ ಕಲಸಿಹೋಗಿದ್ದವು. ಗೋಡೆಗೊರಗಿ ಕೂತ ಮಿರಿಯಂಳ ಬಡಕಲು ಮುಖ ಕಂಡಿತು. ಇಡೀ ಹೆಂಡತಿಯನ್ನು ವಾಪಸು ಕೊಟ್ಟ ದೇವರಿಗೆ ಅರ್ಧ ಹರಕೆ ಒಪ್ಪಿಸುವುದೇ ಎಂದುಕೊಂಡ. ಪುಟದ ಮೇಲೆ ಬೆರಳಿಟ್ಟು ಎರಡನೆಯ ಸಾಲು ಹುಡುಕಿದ, ಸಿಗಲಿಲ್ಲ.

ಆಗ ಕದರಪ್ಪ ಕಣ್ಣು ಮುಚ್ಚಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತ, ಅದೇ ಸಾಲನ್ನು ಎತ್ತಿದ. ಅವನ ಹಿಂದೆಯೇ ಗ್ಯಾಂಗು ಪೂರ್ತಿ ದನಿಗೂಡಿಸಿತು. ಅವರ ಭಜನೆಯಲ್ಲಿ ಮುಂದೆ ಹೇಳುವವನು ಒಂದು ಸೊಲ್ಲು ಹೇಳಿ ನಿಲ್ಲಿಸಿದನೆಂದರೆ, ಇನ್ನು ಸರದಿ ಉಳಿದವರದು. ಸಾಹೇಬರು ನಿಲ್ಲಿಸಿದರು, ಅವರು ಹಿಡಿದರು, ಅದರಲ್ಲಿ ಯಾರಿಗೂ ಅನುಮಾನವೇ ಬರಲಿಲ್ಲ. ಹೀಬ್ರೂ ಮಾತು ಅವರ ಬಾಯಲ್ಲಿ ಗುರುತು ಸಿಗದಂತಾದರೂ ರಾಗ ಕೂದಲಷ್ಟೂ ತಪ್ಪಲಿಲ್ಲ. ಒಂದು ಸಲ ಹೇಳಿ, ಸಾಲದೆಂದು ಇನ್ನೊಂದು ಸಲ ಹೇಳಿದರು. ಅಷ್ಟರಲ್ಲಿ ಎರಡನೆಯ ಸಾಲು ಪೇಣಕರನ ಕಣ್ಣಿಗೆ ಹತ್ತಿತು.

ಹೇಳಿದ. ಮತ್ತೆ ಸಿಕ್ಕಿಹಾಕಿಕೊಂಡ. ಮತ್ತೆ ಅವರು ಹಿಡಿದರು. ಹೀಗೇ ಸಾಲಿನ ಮೇಲೆ ಸಾಲು ಸಾಗಿತು, ದಾಸಮ್ಮನೂ ಸೆರಗು ಹೊದ್ದು ದನಿ ಸೇರಿಸಿದಳು. ಯಾವಾಗ ಹೆದರಿಕೆ ಬಿಟ್ಟಿತೋ ಅವನಿಗೇ ತಿಳಿಯದು. ಕೊನೆಕೊನೆಗೆ ಮುಂದಿನ ಸಾಲು ನಾಲಿಗೆಯ ತುದಿಯಲ್ಲೇ ಇದ್ದರೂ ಅವನು ನಿಲ್ಲಿಸಿ ಕಾದ. ಕೊನೆಯ ಆಮೇನ್‌ಗೆ ಹೆಂಚು ಅದುರಿತು. ಹುಟ್ಟಿದ ಊರಿನ ಸಿನಗಾಗಿನಲ್ಲೂ ಅಂಥ ಆಮೇನ್ ಕೇಳಿದ ನೆನಪು ಅವನಿಗಿರಲಿಲ್ಲ. ಈ ಜನರನ್ನು ಕೊಟ್ಟೆಯಲ್ಲ, ದೊಡ್ಡವನು ನೀನು ಎಂದು ಮನಸ್ಸಿನಲ್ಲೇ ಕೈಮುಗಿದ.

ಮಿರಿಯಂ ಮುತ್ತುಗದ ಎಲೆಯಲ್ಲಿ ಮಲೀದಾ ಹಂಚುತ್ತ ಬಂದಳು. ಪೇಣಕರ್ ಕದರಪ್ಪನ ಪಕ್ಕ ಕೂತ. ನಿಜ ಹೇಳಿಬಿಡದೆ ಮನಸ್ಸು ತಡೆಯಲಿಲ್ಲ.

"ಕದರಪ್ಪ, ನಾನು ಮಧ್ಯೆ ಮಧ್ಯೆ ನಿಲ್ಲಿಸುತ್ತಿದ್ದೆನಲ್ಲ, ಅದು ಏನಾಯಿತೆಂದರೆ..."

"ಅದೇ ಸಾರ್ ಚೆಂದಾಗಿದ್ದಿದ್ದು!" ಬಾಯಿತುಂಬ ಅವಲಕ್ಕಿ ಇಟ್ಟುಕೊಂಡೇ ಕದರಪ್ಪ ಅಂದ. "ನಮ್ಮಳ್ಳಿ ಗುಡೀಲಿ ಮಂತ್ರ ಹೇಳೋರು ಸುರು ಮಾಡಿದ್ರೆ ಮುಗಿಯೋಗಂಟ ಅವ್ರೇ ಹೇಳ್ಕಂತಾರೆ. ನಾವು ಬಾಗ್ಲಾಚೆ ಕೈ ಮುಕ್ಕಂಡು ನಿಂತಿರ್ಬೇಕು. ನೀವು ಸಾಲ್ ಸಾಲ್ಗೂ ನಿಲ್ಸಿ ನಮ್ಗೂ ಜಾಗ ಬುಟ್ರಲ್ಲ!"