ಪಾಲಕರ ಸಹಿ

"ಇದೂ ನಡಿಯಂಗಿಲ್ಲ, ಬೇಟಾ," ಎಂದು ಕಾಲೇಜಿನ ಗುಮಾಸ್ತ ಸಮೀಉಲ್ಲಾ ಅರ್ಜಿಯನ್ನು ಕಿಟಕಿಯಿಂದ ಹೊರಕ್ಕೆ ತಳ್ಳಿದರು.

ದಾನೇಶ್ವರಿಗೆ ಮೈಯೆಲ್ಲ ಉರಿದುಹೋಯಿತು. ಮೊದಲ ಅರ್ಜಿ ನೀಲಿ ಶಾಯಿಯಲ್ಲಿ ಬರೆದಿದ್ದಕ್ಕೆ ವಾಪಸಾಗಿತ್ತು. ಈಗ ಎರಡನೆಯದು, ಹುಟ್ಟಿದ ತಾರೀಕು ಹೊಡೆದು ತಿದ್ದಿದ್ದಕ್ಕೆ.

"ಹೊಡದು ಬರದ್ರ ಬಾಜೂಕ ಪಾಲಕರ ಸಣ್ಣ ಸಹಿ ಬೇಕು. ಕೆಳಗ ಒಪ್ಪಿಗಿ ಅಂತ ದೊಡ್ಡ ಸಹಿ ಬೇಕು. ನಿನ್ನದ್ರಾಗ ಎರಡೂ ಇಲ್ಲ. ನಾಳಿ ಹನ್ನೆರಡಕ್ಕ ಕಿಟಕಿ ಬಂದ್." ಸಮೀಉಲ್ಲಾ ಡ್ರಾವರ್ ತಡಕಾಡಿ ಒಂದು ಖಾಲಿ ಫಾರಂ ಕೊಟ್ಟರು. "ಇದೊಂದೇ ಉಳದದ ನೋಡು."

ಹೈದರಾಬಾದಿನ ಹೊರಗೆ ಹೊಸದಾಗಿ ಎದ್ದ ಥೀಮ್ ಪಾರ್ಕೊಂದು ರಾಯಚೂರಿನ ಆ ಡಿಗ್ರಿ ಕಾಲೇಜಿಗೆ ಪತ್ರ ಕಳಿಸಿತ್ತು. ಓದುತ್ತಲೇ ಆರು ತಿಂಗಳು ಕೆಲಸ, ಇರಲು ಹಾಸ್ಟೆಲ್, ಕೈಗೆ ಸಂಬಳ. ಇಂಗ್ಲಿಷನ್ನು ಅರಳು ಹುರಿದಂತೆ ಮಾತಾಡುವವರಿಗೆ ಟಿಕೆಟ್ ಕೌಂಟರ್. ಉಳಿದವರಿಗೆ ಗೊಂಬೆ ವೇಷ: ಹುಲಿಯದೋ ಮೊಲದ್ದೋ ದೊಡ್ಡ ತಲೆ ಹಾಕಿಕೊಂಡು ಮಕ್ಕಳ ಮುಂದೆ ಕುಣಿಯುವುದು. ದಾನೇಶ್ವರಿ ಅದನ್ನೇ ಆರಿಸಿಕೊಂಡಿದ್ದಳು. ದೇವದುರ್ಗದಲ್ಲಿ ನಡೆದ ಕಾಲೇಜು ಸ್ಪರ್ಧೆಯಲ್ಲಿ ಕುಣಿದು ಕಪ್ ತಂದವಳು. ದಿನಾ ಓಡಾಡುವ ಕಲ್ಲೂರು ಬಸ್ಸಿನ ಆಚೆಗೂ ಒಂದು ಲೋಕ ನೋಡಬೇಕೆಂಬ ಹಟ ಅವಳಿಗೆ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಪೂಜಾರಿ ಅವಳ ಅಪ್ಪ, ಮೂಕಪ್ಪ.

ಮೂಕಪ್ಪನಿಗೆ ಶಕ್ತಿನಗರದ ಯಾವುದೋ ಗೇಟಿನಲ್ಲಿ ಸೆಕ್ಯೂರಿಟಿ ಗಾರ್ಡ್ ಕೆಲಸ. ಬೆಳಿಗ್ಗೆ ನೀಲಿ ಅಂಗಿ ತೊಟ್ಟು ಬಸ್ಸು ಹತ್ತಿದರೆ ಸಂಜೆ ಇಸ್ತ್ರಿ ಮುರಿಯದ ಅದೇ ಅಂಗಿಯಲ್ಲಿ ಇಳಿಯುತ್ತಿದ್ದ. ಒಳಗಿನ ಬನಿಯನ್ ಹಿಂಡಿದರೆ ಮಾತ್ರ ತಂಬಿಗೆ ತುಂಬ ಬೆವರು. ಅವ್ವ ಯಮನಮ್ಮ ಅವನ ಕುತ್ತಿಗೆಯ ಬೆವರುಸಾಲೆಗೆ ಪೌಡರ್ ಹಚ್ಚುತ್ತ, "ಏನ್ ಬಿಸಿಲೋ ನಮ್ಮ ರಾಯಚೂರಂದು," ಎಂದು ಬಿಸಿಲನ್ನು ಬೈಯುತ್ತಿದ್ದಳು.

ಗೊಂಬೆ ವೇಷ ಎಂದದ್ದೇ ತಡ, ಎಂದೂ ದನಿ ಏರಿಸದ ಅಪ್ಪ ಉಣ್ಣುವ ತಾಟು ಸರಿಸಿದ್ದ.

"ಬ್ಯಾರೆ ಯಾವ ಕೆಲಸಕ್ಕಾದ್ರೂ ಸಹಿ ಹಾಕ್ತೀನಿ. ಇದಕ್ಕ ಹಾಕಂಗಿಲ್ಲ."

"ಯಾಕಪಾ? ಮಂದಿ ನಗ್ತಾರಂತನಾ?"

"ಹೂಂ. ಮಂದಿ ನಗಾಕಂತ್ಲೇ ಇರೋ ಕೆಲಸ ಅದು."

ಅಷ್ಟೇ. ಮುಂದೆ ಎಷ್ಟು ಕೆದಕಿದರೂ ತುಟಿ ಪಿಟಕ್ಕೆನ್ನಲಿಲ್ಲ. ಹೆಸರಿಗೆ ತಕ್ಕ ಮನುಷ್ಯ.

ಸಾಲದ್ದಕ್ಕೆ ಅರ್ಜಿಯ ಜೊತೆ ಒಂದು ನಿಮಿಷದ ವಿಡಿಯೋ ಬೇರೆ ಬೇಕಿತ್ತು. ಗೆಳತಿ ಕಾವ್ಯಾ ಅವಳನ್ನು ಕಾಲೇಜಿನಿಂದ ನೇರ ಬಜಾರಿಗೆ ಎಳೆದುಕೊಂಡು ಹೋದಳು. ದೊಡ್ಡದೊಂದು ಬಟ್ಟೆ ಅಂಗಡಿಯ ಮುಂದೆ ಉರಿಬಿಸಿಲಿನಲ್ಲಿ ಕಂದು ಬಣ್ಣದ ಕರಡಿಯೊಂದು ಗಿರಾಕಿಗಳಿಗೆ ಕೈ ಬೀಸುತ್ತಿತ್ತು.

"ಅಣ್ಣಾರ, ಎರಡ ನಿಮಿಷ ನಿಮ್ಮ ತಲಿ ಕೊಡ್ರಿ. ವಿಡಿಯೋ ಮಾಡಿ ವಾಪಸ್ ಕೊಡ್ತೀವಿ," ಎಂದಳು ಕಾವ್ಯಾ.

ಕರಡಿ ಎರಡೂ ಕೈಗಳಿಂದ ತಲೆ ಗಟ್ಟಿಯಾಗಿ ಹಿಡಿದುಕೊಂಡು ಹಿಂದೆ ಸರಿಯಿತು.

"ಇದಕ್ಕೂ ಸೊಕ್ಕು ನೋಡಬೇ! ನಿಮ್ಮಪ್ಪ ಅಂದದ್ದೇ ಖರೆ. ನಾಚಿಗ್ಗೇಡು ಕೆಲಸ."

ದಾನೇಶ್ವರಿಯೊಳಗೆ ಬೆಳಗಿನಿಂದ ಕುದಿಯುತ್ತಿದ್ದದ್ದು ಉಕ್ಕಿಯೇ ಬಿಟ್ಟಿತು. "ಏನದ ನಾಚಿಗ್ಗೇಡು? ಕದಿಯಾಕತ್ತಾರನು? ಇಂಥಾ ಬಿಸಿಲಾಗ ಉಸಿರು ಬಿಗಿ ಹಿಡದು ಮಂದಿ ಮಕ್ಕಳನ್ನ ನಗಸ್ತಾರ. ನಾನಾದ್ರ ಎದಿ ತಟ್ಟಿ ಹೇಳ್ತೀನಿ, ಇದು ನನ್ನ ಕೆಲಸ ಅಂತ. ನಮ್ಮಪ್ಪಗ ಅದು ತಿಳಿಯಂಗಿಲ್ಲ. ಕುರ್ಚಿ ಮ್ಯಾಲ ಕುಂತು ಗೇಟ್ ಕಾಯೋರಿಗೆ ಏನ್ ಗೊತ್ತಾಗ್ತದ?"

ಕರಡಿಯ ಕೈ ನಿಂತೇ ಹೋಗಿತ್ತು. ಅಂಗಡಿಯ ಮ್ಯಾನೇಜರ್ ಮತೀನ್ ಒಳಗಿನಿಂದ ಗದರಿದ ಮೇಲೆ ಮತ್ತೆ ಬೀಸತೊಡಗಿತು. ದಾನೇಶ್ವರಿ ಕರಡಿಯ ತಲೆ ಇಲ್ಲದೆಯೇ ಅದರ ಪಕ್ಕ ನಿಂತು ಒಂದು ನಿಮಿಷ ಕುಣಿದಳು. ವಿಡಿಯೋ ಅಷ್ಟಕ್ಕಷ್ಟೇ ಬಂತು.

ಮನೆಗೆ ಬಂದವಳೇ ಕಪ್ಪು ಶಾಯಿಯ ಪೆನ್ನು ಹಿಡಿದು ಕೂತಳು. ಹೆಸರು, ಊರು, ಹುಟ್ಟಿದ ತಾರೀಕು, ಪಾಲಕರ ಹೆಸರು, ಪಾಲಕರ ಉದ್ಯೋಗ, ಎಲ್ಲ ಮುತ್ತು ಪೋಣಿಸಿದಂತೆ ತುಂಬಿದಳು. ಒಂದು ಚುಕ್ಕೆಯೂ ತಪ್ಪಲಿಲ್ಲ. ಅಪ್ಪ ಬಂದೊಡನೆ ಅದನ್ನು ಅವನ ಮುಂದೆ ಇಟ್ಟಳು.

"ಕೊನೀ ಫಾರಂ. ಒಂದು ಗೀಟು ಹೊಡದ್ರೂ ಬಾಜೂಕ ನಿನ್ನ ಸಣ್ಣ ಸಹಿ ಬೇಕಂತ, ಅದಕ್ಕ ಒಂದೂ ಹೊಡದಿಲ್ಲ. ನಾ ಕೇಳೋದು ಒಂದೇ ಸಹಿ. ಅದೂ ಭಾರಾದ್ರ ಹರದು ಒಲಿಗೆ ಹಾಕು."

ಮೂಕಪ್ಪ ಮಗಳ ಮುಖವನ್ನೇ ನೋಡಿದ.

ಬೆಳಿಗ್ಗೆ ಅವಳು ಏಳುವಷ್ಟರಲ್ಲಿ ಅಪ್ಪ ಮೊದಲ ಬಸ್ಸಿಗೇ ಹೋಗಿಯಾಗಿತ್ತು. ಫಾರಂ ಗೂಡಿನಲ್ಲಿತ್ತು, ಅದರ ಮೇಲೆ ಪೆನ್ನು. ದಾನೇಶ್ವರಿ ಮೊದಲು ಕೆಳಗಿನ ಸಾಲು ನೋಡಿದಳು. ಮೂಕಪ್ಪ ಎಂದು ದೊಡ್ಡದಾಗಿ, ಒತ್ತಿ ಬರೆದ ಸಹಿ.

"ಯವ್ವಾ, ಹಾಕ್ಯಾನ!" ಎಂದು ಕೂಗಿದವಳ ದನಿ ಅರ್ಧಕ್ಕೇ ನಿಂತಿತು. ನಡುವೆ ಒಂದು ಸಾಲಿನ ಮೇಲೆ ಉದ್ದಕ್ಕೂ ಗೀಟು ಬಿದ್ದಿತ್ತು. ಇದ್ದ ಒಂದೇ ಫಾರಂ. ಹನ್ನೆರಡಕ್ಕೆ ಕಿಟಕಿ ಬಂದ್. "ಹಾಳ ಮಾಡಿಟ್ಟಾನ ಯವ್ವಾ! ಬೇಕಂತ್ಲೇ ಹೊಡದಾನ!"

ಯಮನಮ್ಮ ಒಲೆಯ ಮುಂದಿನಿಂದ ಏಳಲಿಲ್ಲ. "ಒದರಬ್ಯಾಡ. ಮೊದಲ ಪೂರಾ ಓದು," ಎಂದಳು.

ಗೀಟಿನ ಪಕ್ಕದಲ್ಲಿ ನಿಯಮದ ಪ್ರಕಾರ ಸಣ್ಣ ಸಹಿಯೂ ಇತ್ತು. ಹೊಡೆದದ್ದು 'ಸೆಕ್ಯೂರಿಟಿ ಗಾರ್ಡ್, ಶಕ್ತಿನಗರ' ಎಂಬುದನ್ನು. ಪಾಲಕರ ಉದ್ಯೋಗ ಎಂಬ ಆ ಸಾಲಿನಲ್ಲಿ ಅಪ್ಪ ತನ್ನ ಸೊಟ್ಟ ಅಕ್ಷರಗಳಲ್ಲಿ ಬರೆದಿದ್ದ:

ಬಟ್ಟಿ ಅಂಗಡಿ ಮುಂದಿನ ಕರಡಿ.